ಒಗೆಯುವ ಕಲ್ಲಿನ ಕೆಳಗೆ

ನಮ್ಮ ಬೀಗಿತ್ತಿ ಚಂದ್ರಕ್ಕ ನನ್ನ ಹೊಸ ರೂಮಿನ ನೆಲಕ್ಕೆ ಅಂಗೈ ಊರಿದರು, ಎತ್ತಿದರು, ಆಮೇಲೆ ಆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಒಂದು ಮಾತು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ಕೈ ಒರೆಸಿಕೊಂಡವರಿಗೆ ಏನಂತ ಉತ್ತರ ಕೊಡುವುದು?

ಅವತ್ತು ನನ್ನ ಮಗಳು ಸಹನಾಳ ಸೀಮಂತ. ಚಿಕ್ಕಜಾಜೂರಿನ ನಮ್ಮ ಮನೆ ಮುಂದೆ ಶಾಮಿಯಾನ ಹಾಕಿ, ಹೊಸದುರ್ಗದಿಂದ ಬಂದ ಬೀಗರಿಗೆಲ್ಲ ಹೋಳಿಗೆ ಬಡಿಸಿ, ಮಡಿಲು ತುಂಬಿಸಿ, ಎಲ್ಲ ಸರಾಗವಾಗಿ ಮುಗಿದಿತ್ತು. ಇನ್ನು ಮಗಳು ತವರಿನಲ್ಲೇ ಉಳಿಯಬೇಕು. ಚೊಚ್ಚಲ ಹೆರಿಗೆ, ಬಾಣಂತನ ನಮ್ಮದು. ಅದಕ್ಕೆಂದೇ ಹಳೇ ಮನೆಯ ಹಿಂದಕ್ಕೆ ಒಂದು ರೂಮು ಕಟ್ಟಿಸಿದ್ದೆ. ಹಳೇ ಮನೆ ಅಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ. ಪಡಸಾಲೆಯಲ್ಲಿ ನನ್ನ ಗಂಡ ದಾಸಣ್ಣ, ನಮ್ಮತ್ತೆ ಬೋರಕ್ಕ, ಬಂದುಹೋಗುವ ನೆಂಟರು. ಅಲ್ಲಿ ಹಸೀ ಬಾಣಂತಿಯನ್ನು ಎಲ್ಲಿ ಮಲಗಿಸಲಿ? ಹಿತ್ತಿಲ ನೆಲ ಸಮ ಮಾಡಿಸಿ, ಅದರ ಮೇಲೇ ಕಾಂಕ್ರೀಟು ಸುರಿಸಿ, ಸಿಮೆಂಟು ಇಟ್ಟಿಗೆಯ ಗೋಡೆ ಎಬ್ಬಿಸಿ, ಟೈಲ್ಸ್ ಹಾಕಿಸಿದ್ದೆ. ಬಾಣಂತಿ ರೂಮು ಅಂತ ಬೀದಿಗೆಲ್ಲ ಹೇಳಿಕೊಂಡೂ ಬಂದಿದ್ದೆ.

ಹೊರಡುವ ಹೊತ್ತಿಗೆ ಚಂದ್ರಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಯಶೋಧಕ್ಕ, ಬ್ಯಾಸ್ರ ಮಾಡ್ಕಬ್ಯಾಡ್ರಿ. ರೂಮು ಚೆನ್ನಾಗೇ ಐತೆ. ಆದ್ರೆ ನೆಲ ಬೆವರ್ತಾ ಐತೆ. ಬಾಣಂತಿ ಮೈಗೆ ಥಂಡಿ ಹತ್ತಿದ್ರೆ ಸಾಯೋ ತನಕ ಬಿಡಲ್ಲ. ಹುಡುಗಿನ ಈಗ ನಮ್ ಜೊತಿಗೇ ಕರ್ಕಂಡು ಹೋಗ್ತೀವಿ. ರೂಮು ಒಣಗಿದ್ರೆ ಫೋನ್ ಮಾಡ್ರಿ, ನಾನೇ ತಂದು ಬಿಡ್ತೀನಿ. ಒಣಗಲಿಲ್ಲ ಅಂದ್ರೆ ಬಾಣಂತನ ನಮ್ಮನೆಯಾಗೇ ಆಗ್ಲಿ."

ಕೆಟ್ಟ ಮಾತಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಅದಕ್ಕೇ ಇನ್ನಷ್ಟು ಉರಿಯಿತು. ಕಾರು ಹತ್ತುವಾಗ ಸಹನಾ ನನ್ನ ಕೈ ಹಿಡಿದು, "ಅಮ್ಮಾ, ನಾನು ಇಲ್ಲಿಗೇ ಬರ್ತೀನಿ, ಏನಾರ ಮಾಡು" ಅಂದಳು. ಕಾರು ರೈಲ್ವೆ ಗೇಟು ದಾಟುವ ತನಕ ನೋಡಿ, ಒಳಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಮಾಡದೆ ಬಿಡುತ್ತೀನಾ?

ಆ ರೂಮಿನ ಅವತಾರವನ್ನು ಸ್ವಲ್ಪ ಹೇಳಬೇಕು. ಕಟ್ಟಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಬೆಳಗಾದರೆ ಟೈಲ್ಸಿನ ಮೇಲೆ ನೀರಿನ ಪಸೆ. ಟೈಲ್ಸಿನ ಸಂದುಗಳೆಲ್ಲ ಕಪ್ಪಗೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಸುಣ್ಣ ಉಬ್ಬಿ, ಬಿಳಿ ಉಪ್ಪು ಕಿತ್ತುಕೊಂಡು ಉದುರುತ್ತಿತ್ತು. ಹೊಸ ಹಾಸಿಗೆ ಬಿಚ್ಚಿ ಹಾಸಿದ್ದೆ; ವಾರ ಕಳೆದು ಮಗುಚಿದರೆ ಅಡಿಯಲ್ಲಿ ಹಸಿರು ಬೂಷ್ಟು. ಅಲ್ಲಿಟ್ಟ ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ತಲೆ ಕಳಚಿ ಬೀಳುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ.

ನನ್ನ ಗಂಡ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದವರು. ಹಳಿಯ ಬೋಲ್ಟು ಅರ್ಧ ಸುತ್ತು ಸಡಿಲಾಗಿದ್ದರೂ ನಿದ್ದೆ ಮಾಡದ ಮನುಷ್ಯ, ಮನೆಯ ವಿಷಯಕ್ಕೆ ಬಂದರೆ ಮಾತ್ರ "ಆಗ್ತೈತೆ ಬಿಡೇ" ಅನ್ನುವ ಜಾತಿ. ನೀರು ಮೇಲಿನಿಂದಲೇ ಬರುತ್ತಿದೆ ಅಂತ ಅವರ ತೀರ್ಮಾನ. ಅದಕ್ಕೆ ಮಾಳಿಗೆ ಮೇಲೆ ಬಿಳಿ ಬಣ್ಣ ಬಳಿಸಿದರು. ಮಳೆ ಬಿದ್ದು ಎಷ್ಟೋ ದಿನವಾಗಿದೆ, ಮೇಲಿನಿಂದ ಯಾವ ನೀರು ಬರಬೇಕು ಅಂತ ಕೇಳಿದೆ. "ಯಾವುದಕ್ಕೂ ಇರ್ಲಿ" ಅಂದರು. ನೆಲ ಹಾಗೇ ಬೆವರಿತು.

ರೂಮು ಕಟ್ಟಿದ ಮೇಸ್ತ್ರಿ ತಿಮ್ಮರಾಯಪ್ಪ ಬಂದು ಗೋಡೆಗೆ ಕಿವಿ ಕೊಟ್ಟು, ತಟ್ಟಿ, ಡಾಕ್ಟರ ಹಾಗೆ ಮುಖ ಗಂಭೀರ ಮಾಡಿದ.

"ಗ್ವಾಡೆ ನೀರು ಕುಡಿದೈತಕ್ಕ. ಗಾರೆ ಕೆರೆದು, ಔಷಧಿ ಸಿಮೆಂಟು ಬಳಿದ್ರೆ ಸರಿ ಹೋಗ್ತೈತೆ."

ಕೆರೆದ, ಬಳಿದ. ಬಳಿದ ಜಾಗ ಬಿಟ್ಟು ಅದರ ಮೇಲ್ಗಡೆ ಉಬ್ಬಿತು, ಅಷ್ಟೇ.

ಆಮೇಲೆ ನನ್ನ ಸರದಿ. ಬಾಣಂತಿ ಕೋಣೆಗೆ ನಮ್ಮ ಕಡೆ ಕೆಂಡ ಇಡುವುದುಂಟು. ಎರಡು ಬಾಣಲೆ ತುಂಬ ಕೆಂಡ ಇಟ್ಟು, ಥಂಡಿ ಗಾಳಿ ಬರದಂತೆ ಕಿಟಕಿ, ಬಾಗಿಲು, ಕೊನೆಗೆ ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ತುರುಕಿ ಬಂದೆ. ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ಮೇಲಿಂದ ನೀರು ಗೆರೆಗೆರೆಯಾಗಿ ಇಳಿಯುತ್ತಿದೆ. ನೆಲದ ತೇವವೆಲ್ಲ ಕಾವಿಗೆ ಎದ್ದು, ಹೋಗಲು ದಾರಿಯಿಲ್ಲದೆ ಗೋಡೆಗೇ ಕೂತಿತ್ತು. ದಾಸಣ್ಣ ಬಾಗಿಲಲ್ಲಿ ನಿಂತು, "ಇಡ್ಲಿ ಬೆಂದಾವೇನೇ?" ಅಂತ ಕೇಳಿದರು. ಅವತ್ತು ಅವರಿಗೆ ತಿಂಡಿ ಹಾಕಲಿಲ್ಲ.

ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದೆ. ನಾನು ಶಾಲೆಯ ಬಿಸಿಯೂಟದ ಅಡುಗೆಯವಳು. ಅಕ್ಕಿ ಚೀಲ ನೆಲಕ್ಕೆ ತಾಗಿದರೆ ಏನಾಗುತ್ತದೆ, ಹಲಗೆ ಮೇಲಿಟ್ಟರೆ ಏನಾಗುತ್ತದೆ ಅಂತ ಕಂಡವಳು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಹಾಳೆಗಳನ್ನು ತಂದು ರೂಮಿನ ನಾಲ್ಕು ಮೂಲೆಗೂ ನಡುವಿಗೂ ಹಾಸಿ, ಅಂಚಿಗೆಲ್ಲ ಟೇಪು ಅಂಟಿಸಿದೆ. ಮಾರನೆಯ ದಿನ ನೋಡಿದರೆ ಹಾಳೆಯ ಮೇಲುಭಾಗ ಒಣಗಿದೆ, ಅಡಿಭಾಗದಲ್ಲಿ ಹನಿ ಹನಿ. ಅಂದರೆ ನೀರು ಮಾಳಿಗೆಯಿಂದಲೂ ಬರುತ್ತಿಲ್ಲ, ಗಾಳಿಯಿಂದಲೂ ಬರುತ್ತಿಲ್ಲ, ನೆಲದಿಂದ ಏಳುತ್ತಿದೆ. ಅದರಲ್ಲೂ ಹಿಂದಿನ ಗೋಡೆಯ ಪಕ್ಕದ ಹಾಳೆಯ ಅಡಿಯಲ್ಲಿ ಕೈ ಅದ್ದುವಷ್ಟು ನೀರಿತ್ತು. ಆ ಗೋಡೆಯ ಆಚೆಗೆ, ಒಂದು ಮಾರು ದೂರದಲ್ಲಿ, ನಮ್ಮ ಬಟ್ಟೆ ಒಗೆಯುವ ಕಲ್ಲು.

ಆ ಕಲ್ಲನ್ನು ನಾನು ಮದುವೆಯಾಗಿ ಬಂದಾಗಿನಿಂದ ಬಲ್ಲೆ. ನೆಲಕ್ಕೆ ಹಾಸಿದ ದೊಡ್ಡ ಚಪ್ಪಡಿ, ಅದರ ಮೇಲೆ ಓರೆಯಾಗಿ ಕೂರಿಸಿದ ಒಗೆಯುವ ಕಲ್ಲು. ಬಚ್ಚಲುಮನೆಯ ನೀರೂ ಅದೇ ಕಡೆಗೆ ಹೋಗುತ್ತಿತ್ತು. ಹಳೇ ಕಲ್ಲುಮೋರಿಗೆ ದಾಸಣ್ಣ ಪೈಪು ಸೇರಿಸಿ ಮಣ್ಣು ಮುಚ್ಚಿದ್ದರು. ಅಲ್ಲಿಂದ ಮುಂದೆ ಎಲ್ಲಿಗೆ ಅಂದರೆ ಯಾರಿಗೂ ಗೊತ್ತಿಲ್ಲ. ನೀರು ಕಣ್ಣೆದುರು ನಿಲ್ಲದೆ ಹೋದರೆ ಸಾಕು, ಎಲ್ಲಿಗೆ ಹೋಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಇನ್ನೊಂದು ಸಂಗತಿ. ನಮ್ಮತ್ತೆ ಬೋರಕ್ಕ ದಿನಾ ಸಂಜೆ ದೀಪ ಹಚ್ಚುವ ಮುಂಚೆ ಒಂದು ಚೊಂಬು ನೀರು ತಂದು ಆ ಚಪ್ಪಡಿಯ ಮೇಲೆ ಸುರಿಯುತ್ತಿದ್ದರು. ಸೊಂಟ ಬಾಗಿ ನೆಲ ನೋಡುತ್ತ ನಡೆಯುವಂತಾದ ಮೇಲೂ ಬಿಡಲಿಲ್ಲ. ಜ್ವರ ಬಂದ ದಿನ ನನ್ನ ಕೈಯಲ್ಲಿ ಹಾಕಿಸುತ್ತಿದ್ದರು. ಕಲ್ಲು ತೊಳೆಯುವ ಮಡಿ ಅಂದುಕೊಂಡಿದ್ದೆ. ಆ ಕಲ್ಲಿನ ಮೇಲೆ ಅವರು ಒಂದು ಕರ್ಚೀಫೂ ಒಗೆದವರಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು. ಅವರ ಸೀರೆಯನ್ನು ತೊಟ್ಟಿಯ ಹತ್ತಿರದ ಬೇರೆ ಬಂಡೆಗೆ ಒಯ್ಯುತ್ತಿದ್ದರು. ರೂಮು ಕಟ್ಟುವಾಗಲೂ, "ಹಿಂದಕ್ಕೆ ಬ್ಯಾಡ, ಮುಂದಕ್ಕೆ ಕಟ್ರಿ" ಅಂತ ಒಂದೇ ಹಟ. ಯಾಕೆ ಅಂದರೆ ಬಾಯಿಬಿಡಲಿಲ್ಲ. ಸೊಸೆ ಮಾಡಿದ್ದಕ್ಕೆಲ್ಲ ಬೇಡ ಅನ್ನುವುದು ಅತ್ತೆಯಂದಿರ ಕೆಲಸ ತಾನೆ ಅಂದುಕೊಂಡು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ಕಲ್ಲು ಎತ್ತಬೇಕು," ಅಂದೆ ಗಂಡನಿಗೆ. "ಅದರ ಕೆಳಗೆ ಏನೋ ಐತೆ."

ಭಾನುವಾರ ತಿಮ್ಮರಾಯಪ್ಪ ಹಾರೆ ತಂದ. ದಾಸಣ್ಣ ಲುಂಗಿ ಎತ್ತಿ ಕಟ್ಟಿದರು. ಇಬ್ಬರೂ ಹಿತ್ತಿಲಿಗೆ ಬರುವಷ್ಟರಲ್ಲಿ ಅತ್ತೆ ಒಗೆಯುವ ಕಲ್ಲಿನ ಮೇಲೆ ಕಾಲು ಮಡಿಸಿ ಕೂತಿದ್ದರು. ಎದುರಿಗೆ ಎಲೆಅಡಿಕೆ ಚೀಲ. ಊರಿಗೆ ಹೊರಟವರ ಹಾಗೆ ತಯಾರಾಗಿಯೇ ಬಂದಿದ್ದರು.

"ಅತ್ತೆ, ಏಳ್ರಿ. ಕಲ್ಲು ತೆಗಿಬೇಕು."

"ಏಳಲ್ಲ."

"ಯಾಕ್ರಿ?"

"ನಾನು ಸತ್ತ ಮ್ಯಾಲೆ ತೆಗೀರಿ. ಅಲ್ಲೀ ತಂಕ ಮುಟ್ಟಬ್ಯಾಡ್ರಿ."

ದಾಸಣ್ಣ "ಅವ್ವಾ, ಏನವ್ವಾ ಇದು" ಅಂತ ತೋಳು ಹಿಡಿಯಲು ಹೋದರು. "ಮುಟ್ಟಿ ನೋಡು" ಅಂದರು ಅತ್ತೆ. ರೈಲು ಬರುವುದನ್ನು ಕಂಡವರಂತೆ ದಾಸಣ್ಣ ಹಿಂದೆ ಸರಿದರು. ತಿಮ್ಮರಾಯಪ್ಪ ಹಾರೆಯನ್ನು ಬೇವಿನ ಮರಕ್ಕೆ ಒರಗಿಸಿ, ಮನೆಯವರ ಜಗಳದಲ್ಲಿ ತನಗೇನು ಕೆಲಸ ಅಂತ ಟೀ ಕುಡಿಯಲು ಹೋದ.

ನನಗೆ ಎಲ್ಲಿತ್ತೋ ಸಿಟ್ಟು. "ನಿಮಗೆ ಮೊಮ್ಮಗಳಿಗಿಂತ ಈ ಕಲ್ಲು ಹೆಚ್ಚಾತಾ? ಬೀಗ್ತಿ ಮುಂದೆ ನನ್ ಮಾನ ಹೋಗೈತೆ. ಹುಡುಗಿ ಅಲ್ಲಿ ಕಣ್ಣೀರು ಹಾಕ್ಕಂಡು ಕುಂತೈತೆ. ನೀವು ಇಲ್ಲಿ ಎಲೆ ಹಾಕ್ಕಂಡು ಕುಂತೀರಿ. ಮುದುಕಿ ಆದ್ರೆ ಹಟ ಕಮ್ಮಿ ಆಗಬೇಕು, ನಿಮ್ದು ಬೆಳೀತಾ ಐತೆ!" ಇನ್ನೂ ಏನೇನೋ ಅಂದೆ. ಅವರು ಇನ್ನೊಂದು ಎಲೆಗೆ ಸುಣ್ಣ ಸವರಿಕೊಂಡರು.

ಮಧ್ಯಾಹ್ನವಾಯಿತು. ಬಿಸಿಲು ಕಲ್ಲಿನ ಮೇಲೆ ಬಂತು. ಕದಲಲಿಲ್ಲ. ನಾನೂ ಹಟದವಳೇ, ಆದರೆ ಮುದುಕಿಯನ್ನು ಬಿಸಿಲಲ್ಲಿ ಉಪವಾಸ ಕೂರಿಸಿ ನಾನು ಒಳಗೆ ಉಣ್ಣುವಷ್ಟು ಗಟ್ಟಿ ಜೀವವಲ್ಲ. ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟೆ. ತಲೆಗೆ ಒಂದು ಟವೆಲ್ ಹೊದಿಸಿದೆ. ಅವರು ಉಂಡರು. ನಾನು ಪಕ್ಕದಲ್ಲಿ ನೆಲಕ್ಕೆ ಕೂತೆ.

ತಟ್ಟೆಯಲ್ಲೇ ಕೈ ತೊಳೆದುಕೊಂಡು, ಆ ನೀರನ್ನೂ ಚಪ್ಪಡಿಯ ಸಂದಿಗೆ ಚೆಲ್ಲಿದರು. ಆಮೇಲೆ ಅಂದರು: "ಇದರ ಕೆಳಗೆ ಹಗೇವು ಐತೆ."

ಹಗೇವು ಅಂದರೆ ಈಗಿನ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ. ಹಿಂದಿನವರು ರಾಗಿ ತುಂಬಿಡಲು ಗಟ್ಟಿ ಗರಸು ನೆಲ ಹುಡುಕಿ ತೋಡುತ್ತಿದ್ದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು. ಹೊಟ್ಟೆ ಮಾತ್ರ ಒಳಗೊಳಗೇ ಅಗಲವಾಗಿ ಒಂದು ಕೋಣೆಯಷ್ಟು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಎಳೆದರೆ ರಾಗಿ ವರ್ಷಗಟ್ಟಲೆ ಕೆಡದು. ಅಂದರೆ ನಾನು ನೀರು ಜಿನುಗುತ್ತದೆ ಅಂತ ಒದ್ದಾಡುತ್ತಿದ್ದ ಜಾಗ, ಇಡೀ ಹಿತ್ತಿಲಲ್ಲೇ ಒಣ ಜಾಗ ಅಂತ ಹಿರಿಯರು ಆರಿಸಿದ್ದು.

"ಹಗೇವು ತೆಗೆದ್ರೆ ಬಾಯಿ ಬಿಚ್ಚಿ ಒಂದಿನ ಬಿಡಬೇಕು," ಅಂದರು ಅತ್ತೆ. "ಒಳಗಿನ ಕೆಟ್ಟ ಗಾಳಿ ಹೋಗಬೇಕು. ಆಮ್ಯಾಕೆ ದೀಪ ಇಳಿಸಿ ನೋಡಬೇಕು. ದೀಪ ಉರಿದ್ರೆ ಮನುಷ್ಯ ಇಳೀಬೋದು. ಎಲ್ರಿಗೂ ಗೊತ್ತಿದ್ದ ಮಾತೇ. ಅವತ್ತು ರಾಗಿ ಕೊಳ್ಳಾಕೆ ಸಾವ್ಕಾರ ಗಾಡಿ ಹೂಡ್ಕಂಡು ಬಂದು ನಿಂತಿದ್ದ. ನಮ್ಮತ್ತೆ ಉಚ್ಚಂಗಮ್ಮಗೆ ಅವಸರ. ಮನೆಯಾಗೆ ತೆಳ್ಳಗಿದ್ದೋಳು ನಾನೇ. ಬಾಯಾಗೆ ಹಿಡಿಸ್ತೀಯ, ಇಳಿಯೇ ಅಂದ್ಲು. ನಾನು ಬಸುರಿ, ಅತ್ತೆ ಅಂದೆ. ಬಸುರಿ ಆದ್ರೆ ಏನು, ಕಳ್ಳಾಟ ಆಡಬ್ಯಾಡ ಅಂದ್ಲು."

"ದೀಪ?"

"ಇಳಿಸ್ಲಿಲ್ಲ."

ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಒಳಗಿಳಿದು ಎರಡು ಪುಟ್ಟಿ ರಾಗಿ ತುಂಬಿ ಕೊಟ್ಟದ್ದು ನೆನಪಿದೆಯಂತೆ. ಆಮೇಲೆ ಕಣ್ಣು ಬಿಟ್ಟಾಗ ಅಂಗಳದಲ್ಲಿ ಮಲಗಿಸಿದ್ದರಂತೆ, ತೋಳಿನಡಿ ಹಗ್ಗದ ಬಾಸುಂಡೆ. ಜೀವ ಉಳಿಯಿತು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

"ಹೆಣ್ಣು," ಅಂದರು. "ನನಗೆ ತೋರ್ಸಿದ್ರು."

ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ್ದೇವೆ. ಇವರಿಗೆ ದಾಸಣ್ಣನಿಗಿಂತ ಮುಂಚೆ ಒಂದು ಮಗು ಆಗಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ದಾಸಣ್ಣ ಬೇವಿನ ಮರ ಹಿಡಿದುಕೊಂಡು ನಿಂತಿದ್ದರು.

"ಸಾಯೋ ತಂಕ ನಮ್ಮತ್ತೆ ಊರ್ ಮುಂದೆಲ್ಲ ಹೇಳಿದ್ಲು, ನನ್ ಸೊಸೆಗೆ ಮೈಯಾಗೆ ಕಸುವಿಲ್ಲ, ಹಗೇವು ನೋಡಿ ಅಂಜಿ ಬಿದ್ಲು, ಮಗೀನ ತಿಂದ್ಕಂಡ್ಲು ಅಂತ. ನಾನು ಏನೂ ಅನ್ನಲಿಲ್ಲ. ರಾಗಿ ಎಲ್ಲ ಖಾಲಿ ಆದ ಮ್ಯಾಲೆ ಬಚ್ಚಲ ಮೋರಿನ ಇತ್ಲಾಗೆ ತಿರುಗಿಸಿದೆ. ನಾನೇ, ಗುದ್ಲಿ ಹಿಡ್ದು. ಹಗೇವಿಗೆ ನೀರು ಇಳೀತು. ಇನ್ನು ಯಾರನ್ನೂ ಇಳಿಸಾಕೆ ಆಗಲ್ಲ ಅಂತ. ಚಪ್ಪಡಿ ಮ್ಯಾಲೆ ಒಗೆಯೋ ಕಲ್ಲು ಹಾಕ್ಸಿದ್ದೂ ನಾನೇ. ತಪ್ಪು ಅಂತ ಒಂದಿನಾನೂ ಅನ್ನಿಸಿಲ್ಲ. ಅದು ಒಣಗಬಾರ್ದು. ಒಣಗಿದ್ರೆ ಮತ್ತೆ ಯಾರಾರ ಬಾಯಿ ತೆಗೀತಾರೆ."

ನಾನು ಅಷ್ಟು ದಿನ ಒಣಗಿಸಲು ಒದ್ದಾಡಿದ್ದೆ. ಆ ಮುದುಕಿ ಒಂದು ಜೀವಮಾನವಿಡೀ ಅದು ಒಣಗದಂತೆ ಕಾದಿದ್ದರು. ಬೆಳಗಿನಿಂದ ಅವರಿಗೆ ಅಂದ ಮಾತು ನೆನೆದು ನಾಚಿಕೆಯಾಯಿತು. ಆದರೂ ರೂಮು ಒಣಗಲೇಬೇಕಿತ್ತು. ಅದನ್ನೂ ಮರೆಯಲಾಗಲಿಲ್ಲ.

"ಅತ್ತೆ, ನೀರು ಹಾಕಿದ್ರೆ ಹಗೇವು ಮುಚ್ಚಲ್ಲ," ಅಂದೆ. "ನಾವು ನೀರು ನಿಲ್ಸಿದ ದಿನ ಅದು ಮತ್ತೆ ಹಂಗೇ ಬಾಯಿ ಬಿಡ್ಕಂಡು ಇರ್ತೈತೆ. ನಿಮ್ಮ ಕಾಲ ಆದ ಮ್ಯಾಲೆ ಯಾರು ಚೊಂಬು ತರ್ತಾರೆ? ಕಲ್ಲು ತುಂಬಾಣ. ಗಂಟಲ ಮಟ ತುಂಬಾಣ. ಇಲ್ಲಿ ಒಂದು ಗುಂಡಿ ಇತ್ತು ಅನ್ನಾದೇ ಇಲ್ಲದಂಗೆ ಮಾಡಾಣ."

ಅವರು ನನ್ನ ಮುಖವನ್ನೇ ನೋಡಿದರು.

"ಒಂದು ಗೇಣೂ ಖಾಲಿ ಬಿಡಬಾರ್ದು."

"ಬಿಡಲ್ಲ."

"ಯಾರೂ ಒಳಕ್ಕೆ ಇಳೀಬಾರ್ದು. ತುಂಬೋರೂ ಅಷ್ಟೇ. ಮ್ಯಾಲಿಂದಲೇ ಹಾಕಬೇಕು."

"ಮ್ಯಾಲಿಂದಲೇ ಹಾಕ್ತೀವಿ. ನೀವು ಕುಂತು ನೋಡ್ರಿ."

"ನೋಡ್ತೀನಿ," ಅಂತ ಕೈ ಚಾಚಿದರು. ನಾನು ಹಿಡಿದು ಎಬ್ಬಿಸಿದೆ.

ಮಾರನೆಯ ಬೆಳಿಗ್ಗೆ ಕಲ್ಲು ಎತ್ತಿದೆವು. ಚಪ್ಪಡಿ ಜರುಗಿದ ಕೂಡಲೇ ಒಳಗಿಂದ ಕೊಳೆತ ನೀರಿನ ವಾಸನೆ ಬಂತು. ತಿಮ್ಮರಾಯಪ್ಪ ಬಗ್ಗಿ ನೋಡಲು ಹೋದ. ಅತ್ತೆ ಕೂಗಿದರು: "ಹಿಂದಕ್ಕೆ ಬಾರಲೇ! ಮೊದಲು ದೀಪ."

"ಯಾರೂ ಇಳಿಯಲ್ವಲ್ಲ ಅವ್ವಾ," ಅಂದರು ದಾಸಣ್ಣ.

"ಇಳೀದಿದ್ರೂ ಇಳಿಸ್ರಿ. ಅವತ್ತು ಇಳಿಸ್ಲಿಲ್ಲ. ಇವತ್ತಾರ ಇಳಿಸ್ರಿ."

ಅಟ್ಟದ ಮೇಲಿದ್ದ ಹಳೇ ತಕ್ಕಡಿಯ ತಟ್ಟೆ ತಂದು, ಅದರಲ್ಲಿ ಮಣ್ಣಿನ ದೀಪ ಹಚ್ಚಿಟ್ಟು, ದಾರ ಕಟ್ಟಿ ನಿಧಾನವಾಗಿ ಬಿಟ್ಟೆವು. ಬಾಯಿಂದ ಆಳುದ್ದ ಇಳಿಯುವ ಮೊದಲೇ ದೀಪ ಸಣ್ಣಗಾಗಿ ಆರಿಹೋಯಿತು. "ಗಾಳಿ ಬೀಸಿರಬೇಕು," ಅಂದರು ದಾಸಣ್ಣ. ಇನ್ನೊಮ್ಮೆ ಹಚ್ಚಿದೆವು. ಅದೇ ಜಾಗಕ್ಕೆ ಬಂದು ಆರಿತು. ಅತ್ತೆ ದಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ನೆಲದ ಮೇಲೆ ಕೂತು, ಚೂರೂ ಅಲುಗಿಸದೆ ಅವರೇ ಇಳಿಸಿದರು. ನಾವೆಲ್ಲ ದಾರವನ್ನೇ ನೋಡಿದೆವು. ದೀಪ ಆರಿತು.

"ನೋಡಿದ್ರಾ?" ಅಂದರು ಅತ್ತೆ. ನಮ್ಮನ್ನು ಕೇಳಿದ್ದಲ್ಲ ಅದು. "ನನ್ ಮೈಯಾಗೆ ಕಸುವಿಲ್ಲ ಅಂದ್ರಲ್ಲ. ಈ ದೀಪಕ್ಕೂ ಕಸುವಿಲ್ವಾ?"

ನನಗೆ ತಡೆಯಲಾಗಲಿಲ್ಲ. ಹಿತ್ತಿಲಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. ದಾರ ಸುತ್ತಿ, ತಕ್ಕಡಿ ತಟ್ಟೆಯನ್ನು ಒರೆಸಿ ಪಕ್ಕಕ್ಕಿಟ್ಟು, "ಹೂಂ, ಕಲ್ಲು ತರಿಸ್ರಿ ಇನ್ನ" ಅಂದರು.

ಅಲ್ಲಿಂದ ಶುರುವಾದದ್ದು ನಿಜವಾದ ಕೆಲಸ. ಮೊದಲು ಬಚ್ಚಲ ಪೈಪು ಕಿತ್ತು, ಹೊಸ ಪೈಪನ್ನು ಕಾಂಪೌಂಡಿನ ಆಚೆ ಬಾಳೆ ಗಿಡಗಳ ಕಡೆಗೆ ತಿರುಗಿಸಿದೆವು. ಮೋಟಾರು ಇಳಿಬಿಟ್ಟು ಹಗೇವಿನ ನೀರು ಎಳೆಸಿದೆವು. ಬಾಯಿಂದ ಕಲ್ಲು ಹಾಕಿದರೆ ಅದು ಹೊಟ್ಟೆಯ ಮೂಲೆಗೆ ಉರುಳುವುದಿಲ್ಲ ಅಂತ ಗೊತ್ತಾಯಿತು. ಹೊಟ್ಟೆಯ ಅರ್ಧ ಇದ್ದದ್ದು ನನ್ನ ರೂಮಿನ ಕೆಳಗೆ.

"ರೂಮಿನ ನೆಲ ಒಡೀಬೇಕಾಗ್ತೈತಕ್ಕ," ಅಂದ ತಿಮ್ಮರಾಯಪ್ಪ, ನನ್ನ ಮುಖ ನೋಡದೆ.

"ಒಡಿ."

"ಟೈಲ್ಸು?"

"ಒಡಿ ಅಂದ್ನಲ್ಲ."

ನಾನು ಚಿತ್ರದುರ್ಗಕ್ಕೆ ಹೋಗಿ, ಅಂಗಡಿಯವನ ತಲೆ ತಿಂದು ಆರಿಸಿ ತಂದ ಟೈಲ್ಸು. ಮೊದಲ ಏಟು ಬಿದ್ದಾಗ ಮುಖ ಆ ಕಡೆ ತಿರುಗಿಸಿದೆ. ಎರಡನೆಯ ಏಟಿಗೆ ನಾನೇ ಬುಟ್ಟಿ ಹಿಡಿದು ಚೂರು ಹೊರಲು ನಿಂತೆ. ಹೊಳಲ್ಕೆರೆ ಕಡೆಯ ಕ್ವಾರಿಯಿಂದ ಟ್ರ್ಯಾಕ್ಟರಿನಲ್ಲಿ ಕಲ್ಲು ಬಂತು. ಹಳಿ ಪಕ್ಕದಲ್ಲೇ ರಾಶಿ ಜಲ್ಲಿ ಬಿದ್ದಿದೆಯಲ್ಲ ಅಂತ ತಿಮ್ಮರಾಯಪ್ಪ ಹಲ್ಲು ಬಿಟ್ಟಾಗ ದಾಸಣ್ಣ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮೊದಲ ಕಲ್ಲು ಹಾಕಿದ್ದು ಅತ್ತೆ. ಎರಡೂ ಕೈಯಲ್ಲಿ ಎತ್ತಿ, ಬಾಯಿಯ ಹತ್ತಿರ ಹಿಡಿದು ಬಿಟ್ಟು, ತಳಕ್ಕೆ ಬಿದ್ದ ಸದ್ದು ಕೇಳುವ ತನಕ ನಿಂತರು. ಆಮೇಲೆ ಬೇವಿನ ನೆರಳಲ್ಲಿ ಕೂತು ದಿನವಿಡೀ ಉಸ್ತುವಾರಿ ಮಾಡಿದರು. "ಆ ಮೂಲ್ಯಾಗೆ ಸಂದು ಐತೆ ನೋಡೋ" ಅಂತ ಅಲ್ಲಿಂದಲೇ ಕೂಗುತ್ತಿದ್ದರು. ಹೋಗಿ ನೋಡಿದರೆ ಇರುತ್ತಿತ್ತು.

ತುಂಬಿ, ಗರಸು ಹಾಕಿ, ನೀರು ಚಿಮುಕಿಸಿ, ಗುದ್ದಿ ಗುದ್ದಿ ಗಟ್ಟಿ ಮಾಡಿದೆವು. ಅದರ ಮೇಲೆ ಜಲ್ಲಿ, ಮರಳು. ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಸಬೇಕು, ಮೊದಲ ಸಲ ಹಾಸದೆ ಕೆಟ್ಟೆವು ಅಂತ ನಾನು ಪಟ್ಟು ಹಿಡಿದೆ. ದಾಸಣ್ಣ ಯಾರದೋ ಕಣದಿಂದ ಹಳೇ ಟಾರ್ಪಾಲು ತಂದರು. ಬಿಸಿಲಿಗೆ ಎತ್ತಿ ಹಿಡಿದು ನೋಡಿದೆ, ಸಾಸಿವೆಯಷ್ಟು ಸಾಸಿವೆಯಷ್ಟು ಬೆಳಕು ತೂರಿ ಬಂತು.

"ಇದನ್ನ ವಾಪಸ್ ಕೊಟ್ಟು ಬರ್ರಿ."

"ಸಣ್ಣ ತೂತು ಕಣೇ. ಏನಾಗಲ್ಲ."

"ಏನಾಗಲ್ಲ ಅಂದಿದ್ದಕ್ಕೇ ಇಷ್ಟೆಲ್ಲ ಆಗಿದ್ದು," ಅಂದೆ. ಅವರು ಒಂದು ಕ್ಷಣ ತಾಯಿಯ ಕಡೆ ನೋಡಿದರು. ಟಾರ್ಪಾಲು ಮಡಚಿಕೊಂಡು ಹೋದರು. ಸಂಜೆ ತಾಳ್ಯದ ಕಡೆಯ ಗೆಳೆಯನ ಹೊಲದಿಂದ, ಕೃಷಿ ಹೊಂಡಕ್ಕೆ ಹಾಸಿ ಉಳಿದಿದ್ದ ದಪ್ಪ ಕಪ್ಪು ಹಾಳೆ ಹೊತ್ತು ತಂದರು. ನೀರು ಹೊರಗೆ ಹೋಗದಂತೆ ಹಾಸುವುದನ್ನು ನಾವು ನೀರು ಒಳಗೆ ಬರದಂತೆ ಹಾಸಿದೆವು. ಅಂಚನ್ನು ಗೋಡೆಯ ಮೇಲಕ್ಕೂ ಮಡಿಸಿ, ಒಂದರ ಮೇಲೊಂದು ಕೂಡಿಸಿ, ಬರಿಗಾಲಲ್ಲೇ ಓಡಾಡಿ ಅಂಟಿಸಿದೆವು. ಅದರ ಮೇಲೆ ಕಾಂಕ್ರೀಟು ಬಿತ್ತು.

ಆಮೇಲೆ ಕಾಯುವ ಕೆಲಸ. ಕಾಂಕ್ರೀಟಿಗೆ ನೀರುಣಿಸುವುದು ಮುಗಿದ ಕೂಡಲೇ ಟೈಲ್ಸ್ ಕೂರಿಸಿಬಿಡಾಣ ಅಂದ ತಿಮ್ಮರಾಯಪ್ಪ. ಕಾಂಕ್ರೀಟು ಕುಡಿದ ನೀರು ಮೊದಲು ಹೊರಗೆ ಹೋಗಲಿ ಅಂದೆ.

"ಹೆರಿಗೆ ಹತ್ರ ಬಂತಲ್ಲಕ್ಕ?"

"ಬಂದ್ರೆ ಬರ್ಲಿ. ಸುಳ್ಳುಸುಳ್ಳೇ ಒಣಗಿದ್ದು ಬ್ಯಾಡ ನನಗೆ."

ಕಿಟಕಿ ಬಾಗಿಲು ಹಾರುಹೊಡೆದು ಫ್ಯಾನು ಹಾಕಿಟ್ಟೆ. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡುತ್ತಿದ್ದೆ. ಅಡಿಯಲ್ಲಿ ಪಸೆ ಕಂಡರೆ ತೆಗೆದು ಮತ್ತೆ ಕಾಯುತ್ತಿದ್ದೆ. ಚಂದ್ರಕ್ಕ ಫೋನ್ ಮಾಡಿ, "ಏನಾತಕ್ಕ?" ಅಂತ ಕೇಳಿದಾಗಲೆಲ್ಲ ನಾಲಿಗೆ ತುದಿಗೆ ಬರುತ್ತಿತ್ತು, ಆಯಿತು ಕಳಿಸಿ ಅನ್ನಲು. "ಇನ್ನಾ ಇಲ್ರಿ, ಒಣಗ್ತಾ ಐತೆ" ಅಂತ ಇಡುತ್ತಿದ್ದೆ. ಸಹನಾ ಒಂದು ದಿನ ಅತ್ತಳು. ನಾನೂ ಫೋನ್ ಇಟ್ಟ ಮೇಲೆ ಅತ್ತೆ. ಆದರೆ ಹಸಿ ನೆಲಕ್ಕೆ ಅವಳನ್ನು ಕರೆಯಲಿಲ್ಲ.

ಒಂದು ಬೆಳಿಗ್ಗೆ ಹಾಳೆ ಕಿತ್ತೆ. ಅಡಿಭಾಗಕ್ಕೆ ಬೆರಳಾಡಿಸಿದೆ. ಏನೂ ಇಲ್ಲ. ಹಿಂದಿನ ಗೋಡೆಯ ಪಕ್ಕದ್ದನ್ನೂ ಕಿತ್ತೆ. ಅಲ್ಲೂ ಇಲ್ಲ. ಬೆಂಕಿಪೊಟ್ಟಣವನ್ನು ಅದೇ ನೆಲದ ಮೇಲೆ ಇಟ್ಟಿದ್ದೆ. ಕಡ್ಡಿ ಗೀರಿದೆ, ಒಂದೇ ಗೀರಿಗೆ ಹತ್ತಿತು. "ಅತ್ತೇ!" ಅಂತ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಅತ್ತೆ ಅದುವರೆಗೆ ಆ ರೂಮಿನ ಹೊಸಿಲು ದಾಟಿದವರಲ್ಲ. ಅವತ್ತು ಬಂದರು. ಬಾಗಿದ ಸೊಂಟಕ್ಕೆ ನೆಲ ಹತ್ತಿರವೇ ಇತ್ತು. ಅಂಗೈ ಇಟ್ಟು, ಹಾಗೇ ಕೂತುಬಿಟ್ಟರು.

"ಗಟ್ಟಿ ಐತೆ," ಅಂದರು. ಒಣಗಿದೆ ಅನ್ನಲಿಲ್ಲ.

ಟೈಲ್ಸ್ ಬೇಡವೆಂದು ಬರೀ ಸಿಮೆಂಟು ನುಣ್ಣಗೆ ಸವರಿಸಿದೆ, ಅದೂ ಒಣಗಿತು. ಚಂದ್ರಕ್ಕ ಸೊಸೆಯನ್ನು ಕರೆದುಕೊಂಡು ಬಂದರು. ಬಂದವರೇ ನೆಲಕ್ಕೆ ಕೈ ಊರಿದರು. ನಾನು ಅವರ ಸೆರಗನ್ನೇ ನೋಡುತ್ತಿದ್ದೆ. ಕೈ ಸೆರಗಿಗೆ ಹೋಗಲಿಲ್ಲ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, "ಒಂದೀಟು ಕಾಫಿ ಕಾಸ್ರಿ ಯಶೋಧಕ್ಕ, ದಾರ್ಯಾಗೆ ತಲೆನೋವು ಬಂತು" ಅಂದರು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕಾಫಿ ಕಾಸಿರಲಿಲ್ಲ.

ಆ ದಿನಗಳಲ್ಲಿ ಸಂಜೆಯಾದರೆ ಅತ್ತೆಯ ಕಾಲು ತಾನಾಗಿ ಹಿತ್ತಿಲಿಗೆ ಹೋಗುತ್ತಿತ್ತು. ಚೊಂಬು ತುಂಬಿಕೊಂಡು ಹೋಗಿ, ಕಲ್ಲಿದ್ದ ಜಾಗದಲ್ಲಿ ನಿಂತು, ಏನೋ ಮರೆತವರ ಹಾಗೆ ಹಾಗೇ ವಾಪಸು ಬರುತ್ತಿದ್ದರು. ನೀರು ಚೆಲ್ಲುತ್ತಿರಲಿಲ್ಲ. ತಂದು ಹಂಡೆಗೆ ಸುರಿಯುತ್ತಿದ್ದರು.

ಸಹನಾಗೆ ಹೊಳಲ್ಕೆರೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಮನೆಗೆ ಬಂದ ಮೇಲೆ ಮಗುವಿಗೆ ಮೊದಲ ನೀರು ಎರೆಯುವುದು ಯಾರು ಅನ್ನುವ ಮಾತು ಬಂತು. ಎರೆಯಲು ಪಕ್ಕದ ಬೀದಿಯ ಹೆಂಗಸಿಗೆ ನಾನು ಹೇಳಿಟ್ಟಿದ್ದೆ. ಅತ್ತೆ ಬಚ್ಚಲಿಗೆ ಹೋಗಿ ಮಣೆ ಹಾಕಿಕೊಂಡು, ಸೀರೆ ಮಂಡಿಯ ಮೇಲಕ್ಕೆ ಸರಿಸಿ, ಒಣಗಿದ ಕಾಲು ನೀಡಿ ಕೂತಿದ್ದರು.

"ಕೊಡ್ರಿ ಇಲ್ಲಿ," ಅಂದರು.

ಮಗುವನ್ನು ಕಾಲ ಮೇಲೆ ಮಲಗಿಸಿದೆ. ಎಣ್ಣೆ ಹಚ್ಚಿ, ತಲೆ ನೀವಿ, ಬೆನ್ನು ತಿರುಗಿಸಿ, ನಾನು ಒಂದೊಂದೇ ಚೊಂಬು ನೀರು ಹಾಕಿದ ಹಾಗೆಲ್ಲ ಅಂಗೈ ಅಡ್ಡ ಹಿಡಿದು ಮೂಗಿಗೆ ನೀರು ಹೋಗದಂತೆ ಎರೆದರು. ಮಗು ಮೊದಲು ಕಿರುಚಿ, ಆಮೇಲೆ ಬಿಸಿನೀರಿನ ಸುಖಕ್ಕೆ ಸುಮ್ಮನಾಯಿತು. ಅತ್ತೆ ಕೈ ನಿಲ್ಲಿಸಿದರು.

"ಲೇ ಯಶೋಧಿ. ಈ ನೀರು ಯಾ ಕಡಿಗೆ ಹೋಗ್ತೈತೆ ನೋಡು."

ನಾನು ಹೊರಗೆ ಹೋಗಿ, ಕಾಂಪೌಂಡಿನಾಚೆ ಬಗ್ಗಿ ನೋಡಿ ಬಂದೆ.

"ಬಾಳೆ ಬುಡಕ್ಕೆ ಅತ್ತೆ."

"ಆ ಕಡಿಗೆ ಒಂದು ಹನಿನೂ ಇಲ್ಲ ತಾನೆ?"

"ಒಂದು ಹನಿನೂ ಇಲ್ಲ."

ಅವರು ಮಗುವಿನ ಮುಖ ನೋಡಿದರು. ಇಷ್ಟು ದಿನ ನಾನು ಕಾಣದಿದ್ದ ಕಣ್ಣೀರು ಆಗ ಬಂತು, ಸದ್ದಿಲ್ಲದೆ ಬಂದು ಬಿಸಿನೀರಿನ ಜೊತೆಗೇ ಹೋಯಿತು.

"ಹಂಗಾರೆ ಇನ್ನೊಂದು ಚೊಂಬು ಹಾಕು," ಅಂದರು.

ಹಾಕಿದೆ.